ನಿಮಗಿದು ಗೊತ್ತೇ? ಒಂದು ಗ್ರಾಂ ಔಷಧಿ, ಇಪ್ಪತ್ತೇಳು ವರ್ಷ!

ಒಂದು ಗ್ರಾಂ ಬಂಗಾರ ಎಷ್ಟಿರುತ್ತದೆ ಅಂತ ನರಗುಂದದ ಯಾವ ಅಕ್ಕಸಾಲಿಗರನ್ನು ಕೇಳಿದರೂ ಬೆರಳ ತುದಿಯಲ್ಲಿಟ್ಟು ತೋರಿಸುತ್ತಾರೆ. ಅಷ್ಟೇ ತೂಕದ ಥೈರಾಯ್ಡ್ ಔಷಧಿ ಇದೆ ಅಂದುಕೊಳ್ಳಿ. ದಿನಕ್ಕೆ 100 ಮೈಕ್ರೊಗ್ರಾಂ ತಗೊಳ್ಳುವ ಒಬ್ಬರಿಗೆ ಅದು ಎಷ್ಟು ದಿನ ಸಾಲುತ್ತದೆ? ಹತ್ತು ಸಾವಿರ ದಿನ! ಅಂದರೆ 27 ವರ್ಷಕ್ಕೂ ಮೇಲೆ!

ಹಾಗಾದರೆ ಕೈಯಲ್ಲಿ ಕಾಣುವ ಆ ಬಿಳಿ ಗುಳಿಗೆ ಏನು? ಬಹುಪಾಲು ಬರೀ ಗುಳಿಗೆಗೆ ಆಕಾರ ಕೊಡುವ ಪುಡಿ. ಔಷಧಿ ಅದರೊಳಗೆ ಎಲ್ಲೋ ಒಂದಿಷ್ಟು ಅಡಗಿ ಕೂತಿರುತ್ತದೆ. ಅದಕ್ಕೇ ಅಂಗಡಿಯಲ್ಲಿ 75, 88, 100, 112, 125 ಅಂತ ಇಷ್ಟೊಂದು ಬಗೆ. ಬರೀ 12 ಮೈಕ್ರೊಗ್ರಾಂ ಹೆಚ್ಚುಕಡಿಮೆ ಆದರೂ ದೇಹಕ್ಕೆ ಗೊತ್ತಾಗಿಬಿಡುತ್ತದೆ!

ಕುತ್ತಿಗೆಯ ಮುಂದೆ ಚಿಟ್ಟೆಯ ಆಕಾರದಲ್ಲಿ ಕೂತ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಗಡ್ಡೆ ಆಯಿತು, ಕ್ಯಾನ್ಸರ್ ಆಯಿತು, ಇಲ್ಲವೇ ಗ್ರಂಥಿ ಹದ ಮೀರಿ ಓಡತೊಡಗಿತು ಅಂದರೆ ಅದನ್ನು ತೆಗೆಯುತ್ತಾರೆ. ರೋಣ, ಗಜೇಂದ್ರಗಡದವರು ಇದಕ್ಕಾಗಿ ಗದಗ, ಹುಬ್ಬಳ್ಳಿ, ಕೆಲವೊಮ್ಮೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರೆಗೂ ಹೋಗಿ ಬರುತ್ತಾರೆ. ಆಮೇಲೆ ದಿನಾ ಬೆಳಗ್ಗೆ ಒಂದು ಗುಳಿಗೆ. ಡೋಸ್ ಎಷ್ಟು? ಪೂರ್ತಿ ಗ್ರಂಥಿ ತೆಗೆದ ದೊಡ್ಡವರಿಗೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೊಗ್ರಾಂ. 60 ಕಿಲೋ ಇದ್ದವರಿಗೆ 96, ಅಂದರೆ ಹೆಚ್ಚುಕಡಿಮೆ 100. ಆದರೆ ಇದು ಆರಂಭ ಮಾತ್ರ. ಅಲ್ಲಿಂದ ಮುಂದೆ ರಕ್ತಪರೀಕ್ಷೆ ನೋಡಿ ಏರಿಸುವುದು, ಇಳಿಸುವುದು!

ಈ ಔಷಧಿಯ ತೂಕದಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಅಯೋಡಿನ್! ಒಂದೊಂದು ಕಣಕ್ಕೂ ನಾಲ್ಕು ಅಯೋಡಿನ್ ಪರಮಾಣು ಅಂಟಿಕೊಂಡಿರುತ್ತವೆ. ಅದಕ್ಕೇ ಇದಕ್ಕೆ ಟಿ4 ಅಂತ ಹೆಸರು.

‘ಹಂಗಾದ್ರ ಅಯೋಡಿನ್ ಉಪ್ಪು ಜಾಸ್ತಿ ತಿಂದ್ರ ಸಾಕಲ್ಲ?’ ಇಲ್ಲ! ಅಯೋಡಿನ್ನನ್ನು ಹಾರ್ಮೋನ್ ಮಾಡುವುದು ಗ್ರಂಥಿ. ಗ್ರಂಥಿಯೇ ಇಲ್ಲದ ಮೇಲೆ ಎಷ್ಟು ಉಪ್ಪು ತಿಂದರೂ ಒಂದು ಚೂರು ಹಾರ್ಮೋನ್ ಹುಟ್ಟುವುದಿಲ್ಲ. ಗ್ರಂಥಿ ನೆಟ್ಟಗೆ ಇದ್ದವರಿಗಾದರೂ ಬೇಕಾದದ್ದು ಎಷ್ಟು? ದಿನಕ್ಕೆ 150 ಮೈಕ್ರೊಗ್ರಾಂ. ಎಪ್ಪತ್ತು ವರ್ಷದ ಬಾಳಿಗೆಲ್ಲ ಕೂಡಿಸಿದರೂ 4 ಗ್ರಾಂ ದಾಟುವುದಿಲ್ಲ!

ಇನ್ನೊಂದು ಕೇಳಿ. ಸಂಕ್ರಾಂತಿಯ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುತ್ತೀರಲ್ಲ, ಆ ಸಜ್ಜೆಯಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನ ಮಾಡುವ ಅಂಶಗಳಿವೆ. ಎಲೆಕೋಸು, ಹೂಕೋಸಿನಲ್ಲೂ ಇವೆ. ‘ಥೈರಾಯ್ಡ್ ಐತಿ, ಕೋಸು ತಿನಬ್ಯಾಡ’ ಅಂತ ಓಣಿಯಲ್ಲಿ ಹೇಳುವುದು ಇದಕ್ಕೇ. ಆದರೆ ಆ ಅಂಶಗಳು ತಡೆಯುವುದು ಗ್ರಂಥಿಯ ಕೆಲಸವನ್ನು. ಗ್ರಂಥಿ ಪೂರ್ತಿ ತೆಗೆಸಿಕೊಂಡವರಲ್ಲಿ ತಡೆಯಲಿಕ್ಕೆ ಅಲ್ಲಿ ಏನೂ ಉಳಿದಿಲ್ಲ! ಗುಳಿಗೆಯ ಹೊತ್ತು ಬಿಟ್ಟು ಸಜ್ಜಿ ರೊಟ್ಟಿ ನಿಶ್ಚಿಂತೆಯಿಂದ ಉಣ್ಣಬಹುದು.

ಹೊತ್ತು ಅಂದೆನಲ್ಲ, ಈ ಗುಳಿಗೆಯ ಗುಟ್ಟೆಲ್ಲ ಇರುವುದು ಅಲ್ಲೇ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ತಾಸು ಏನೂ ಮುಟ್ಟಬಾರದು. ಚಹಾ ಕೂಡ! ನಮ್ಮ ಕಡೆ ಇದು ದೊಡ್ಡ ತಪಸ್ಸೇ, ಒಪ್ಪುತ್ತೇನೆ. ಆದರೆ ಇಟಲಿಯ ವೈದ್ಯರು 2008ರಲ್ಲಿ ಏನು ತೋರಿಸಿದರು ಗೊತ್ತೇ? ಗುಳಿಗೆಯ ಬೆನ್ನಿಗೇ ಕಾಫಿ ಕುಡಿಯುತ್ತಿದ್ದ ಕೆಲವರಿಗೆ ಡೋಸ್ ಎಷ್ಟು ಏರಿಸಿದರೂ ಹತ್ತುತ್ತಲೇ ಇರಲಿಲ್ಲ. ಕಾಫಿ ಹಿಂದೆ ಸರಿಸಿದರು, ಗುಳಿಗೆ ಕೆಲಸ ಮಾಡತೊಡಗಿತು!

ಬೆಳಗ್ಗೆ ಹೊಲಕ್ಕೆ ಹೋಗುವ ಗಡಿಬಿಡಿಯೇ? ರಾತ್ರಿಯೂ ಆಗುತ್ತದೆ! ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಲಗುವಾಗ ನುಂಗಿದವರಿಗೆ ಗುಳಿಗೆ ಇನ್ನೂ ಚೆನ್ನಾಗಿ ಹತ್ತಿತ್ತು. ಷರತ್ತು ಒಂದೇ: ಊಟ ಮುಗಿದು ಮೂರು ತಾಸಾದರೂ ಆಗಿರಬೇಕು. ಹೊತ್ತು ಬದಲಿಸುವ ಮೊದಲು ವೈದ್ಯರಿಗೆ ಒಂದು ಮಾತು ಹೇಳಿಬಿಡಿ.

ಮಿರ್ಚಿ ತಿಂದು ಎದೆ ಉರಿದಾಗ ನುಂಗುವ ಗ್ಯಾಸ್ ಗುಳಿಗೆಯೂ ಇದಕ್ಕೆ ಅಡ್ಡಗಾಲು! ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುತ್ತವೆ. ಥೈರಾಯ್ಡ್ ಗುಳಿಗೆ ಕರಗಲಿಕ್ಕೆ ಅದೇ ಆಮ್ಲ ಬೇಕು. ದಿನಾ ಗ್ಯಾಸ್ ಗುಳಿಗೆ ನುಂಗುವವರು ಥೈರಾಯ್ಡ್ ವೈದ್ಯರಿಗೆ ಅದನ್ನು ಹೇಳಲೇಬೇಕು. ಬಹಳ ಮಂದಿ ಹೇಳುವುದೇ ಇಲ್ಲ!

ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣದ ಗುಳಿಗೆ? ನಾಲ್ಕು ತಾಸು ದೂರ! ಇವು ಹೊಟ್ಟೆಯಲ್ಲೇ ಥೈರಾಯ್ಡ್ ಔಷಧಿಯನ್ನು ಹಿಡಿದು ಕೂಡುತ್ತವೆ, ರಕ್ತಕ್ಕೆ ಬಿಡುವುದಿಲ್ಲ.

ಗ್ರಂಥಿ ತೆಗೆದವರಿಗೆ ಕ್ಯಾಲ್ಸಿಯಂ ಗುಳಿಗೆ ಏಕೆ ಅಂತೀರಾ? ಇಲ್ಲಿಗೆ ಒಂದು ಘೇಂಡಾಮೃಗ ಬರುತ್ತದೆ! ಲಂಡನ್ ಮೃಗಾಲಯದಲ್ಲಿ ಭಾರತದ ಒಂದು ಘೇಂಡಾಮೃಗ ಸತ್ತಿತು. ರಿಚರ್ಡ್ ಓವನ್ ಎಂಬ ವಿಜ್ಞಾನಿ 1850ರ ಹೊತ್ತಿಗೆ ಅದನ್ನು ಕೊಯ್ದು ನೋಡಿದಾಗ ಥೈರಾಯ್ಡಿಗೆ ಅಂಟಿಕೊಂಡ ಪುಟ್ಟ ಗ್ರಂಥಿ ಕಂಡಿತು. ಅದೇ ಪ್ಯಾರಾಥೈರಾಯ್ಡ್. ಮನುಷ್ಯರಲ್ಲೂ ಅದು ಇದೆ ಎಂದು ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ 1880ರಲ್ಲಿ ಬರೆದರು. ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ಇಡೀ ದೇಹದ ಕ್ಯಾಲ್ಸಿಯಂ ಇವುಗಳ ಹತೋಟಿಯಲ್ಲಿ! ಥೈರಾಯ್ಡ್ ತೆಗೆಯುವಾಗ ಇವುಗಳಿಗೆ ಪೆಟ್ಟಾದರೆ ತುಟಿ, ಬೆರಳು ಜುಮುಜುಮು ಅನ್ನುತ್ತವೆ, ಕೈ ಸೆಟೆಯುತ್ತದೆ. ಹಾಗಾದರೆ ಕಾಯಬೇಡಿ, ಅವತ್ತೇ ದವಾಖಾನೆಗೆ ಹೋಗಿ.

ಈಗ ಕುರಿಗಳ ಕಥೆ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಕುರಿ ಹಿಂಡು ದಾಟುವಾಗ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನಿಂತಿದ್ದೀರಾ? ಅಂಥ ಹಿಂಡುಗಟ್ಟಲೆ ಕುರಿಗಳು ಒಬ್ಬ ಹೆಣ್ಣುಮಗಳ ಜೀವ ಉಳಿಸಿವೆ! 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯರ ಬಳಿ 46ರ ಒಬ್ಬ ಮಹಿಳೆ ಬಂದರು. ಅವರ ಥೈರಾಯ್ಡ್ ಬತ್ತಿಹೋಗಿತ್ತು. ಮುಖ ಊದಿತ್ತು, ಮಾತು ತಡವರಿಸುತ್ತಿತ್ತು, ಸದಾ ಚಳಿ, ಸದಾ ಸುಸ್ತು. ಮರ್ರೆ ಕುರಿಯ ಥೈರಾಯ್ಡ್ ಅರೆದು, ರಸ ತೆಗೆದು ಸೂಜಿಯಲ್ಲಿ ಚುಚ್ಚಿದರು. ಆಕೆ ಎದ್ದು ಓಡಾಡಿದರು! ಆಮೇಲೆ ಬಾಯಿಂದಲೇ ತಗೊಳ್ಳುತ್ತ ಮತ್ತೆ 28 ವರ್ಷ ಬಾಳಿ 1919ರಲ್ಲಿ 74ನೇ ವಯಸ್ಸಿಗೆ ತೀರಿಕೊಂಡರು. ಅಷ್ಟಕ್ಕೆ ಬೇಕಾದ ಕುರಿಗಳು ಎಷ್ಟು? 870ಕ್ಕೂ ಹೆಚ್ಚು!

ಮರುವರ್ಷ ಇನ್ನೊಬ್ಬ ವೈದ್ಯರು ಸೂಜಿಯ ಗೋಜೇ ಬೇಡ ಅಂದರು. ಕುರಿಯ ಅರ್ಧ ಥೈರಾಯ್ಡನ್ನು ತುಸು ಹುರಿದು, ಕೊಚ್ಚಿ, ಹಣ್ಣಿನ ಜಾಮ್ ಜೊತೆ ವಾರಕ್ಕೊಮ್ಮೆ ತಿನ್ನಿಸಿದರು. ಅದೂ ಕೆಲಸ ಮಾಡಿತು!

ಇದಕ್ಕೂ ಮೊದಲು ಗ್ರಂಥಿ ತೆಗೆಸಿಕೊಂಡವರ ಗತಿ ಏನು? ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಕರ್ ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ಜನ ಸಾಯುತ್ತಿದ್ದ ಈ ಶಸ್ತ್ರಚಿಕಿತ್ಸೆಯಲ್ಲಿ ಸಾವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಸಿದರು. ಆದರೆ 1883ರಲ್ಲಿ ತಮ್ಮ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ ಅವರಿಗೆ ಆಘಾತ ಕಾದಿತ್ತು. ಪೂರ್ತಿ ಗ್ರಂಥಿ ತೆಗೆಸಿಕೊಂಡ ಹೆಚ್ಚಿನವರು ಊದಿಕೊಂಡು, ಮಂಕಾಗಿ, ದಣಿದುಹೋಗಿದ್ದರು! ಆ ಗ್ರಂಥಿ ಯಾತಕ್ಕಿದೆ ಅಂತ ಜಗತ್ತಿಗೆ ಅರ್ಥವಾದದ್ದರಲ್ಲಿ ಆ ರೋಗಿಗಳ ದಣಿವಿಗೂ ಪಾಲಿದೆ. ಕೋಕರ್ ಅದನ್ನು ಮುಚ್ಚಿಡಲಿಲ್ಲ, ಬರೆದು ಪ್ರಕಟಿಸಿದರು. 1909ರಲ್ಲಿ ನೊಬೆಲ್ ಬಂತು. ಶಸ್ತ್ರವೈದ್ಯರೊಬ್ಬರಿಗೆ ಸಿಕ್ಕ ಮೊದಲ ನೊಬೆಲ್ ಅದು!

ಶುದ್ಧ ಹಾರ್ಮೋನ್ ಹರಳುಗಟ್ಟಿದ್ದು 1914ರ ಡಿಸೆಂಬರ್ 25ರಂದು. ಕ್ರಿಸ್‌ಮಸ್ ದಿನವೂ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಕೆಲಸದಲ್ಲಿದ್ದರು. ಮುಂದೆ ಮೂರು ಟನ್ ಹಂದಿ ಥೈರಾಯ್ಡ್ ಅರೆದು ಅವರು ತೆಗೆದ ಹಾರ್ಮೋನ್ ಎಷ್ಟು? 33 ಗ್ರಾಂ! ಇಂದು ಕುರಿಯೂ ಬೇಡ, ಹಂದಿಯೂ ಬೇಡ. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಪ್ರಯೋಗಾಲಯದಲ್ಲೇ ಇದನ್ನು ತಯಾರಿಸಿ ತೋರಿಸಿದ ಮೇಲೆ ದಾರಿ ತೆರೆಯಿತು.

ಕಪ್ಪೆಮರಿಗಳಿಗೆ ಥೈರಾಯ್ಡ್ ತಿನ್ನಿಸಿದರೆ ಏನಾಗುತ್ತದೆ? 1912ರಲ್ಲಿ ಗುಡರ್‌ನಾಟ್ಶ್ ಎಂಬ ವಿಜ್ಞಾನಿ ತಿನ್ನಿಸಿಯೇಬಿಟ್ಟರು. ಬಾಲದ ಮರಿಗಳು ಗಡಿಬಿಡಿಯಲ್ಲಿ ಕಾಲು ಬಿಟ್ಟು ಪುಟಾಣಿ ಕಪ್ಪೆಗಳಾದವು! 1916ರಲ್ಲಿ ಇನ್ನೊಬ್ಬರು ಮರಿಗಳ ಥೈರಾಯ್ಡ್ ತೆಗೆದು ನೋಡಿದರು. ಅವು ಕಪ್ಪೆಯಾಗಲೇ ಇಲ್ಲ. ಬಾಲ ಇಟ್ಟುಕೊಂಡೇ ದೊಡ್ಡದಾಗುತ್ತ ಹೋದವು!

ಸರಿ, ಗುಳಿಗೆ ಶುರುವಾಯಿತು. ನಾಳೆಯೇ ಹುರುಪು ಬರುತ್ತದೆಯೇ? ಬರುವುದಿಲ್ಲ! ಹೆಚ್ಚಿನ ಮಾತ್ರೆಗಳು ತಾಸುಗಳಲ್ಲಿ ದೇಹ ಬಿಟ್ಟು ಹೋಗುತ್ತವೆ. ಟಿ4 ಹಾಗಲ್ಲ. ಇಂದು ರಕ್ತಕ್ಕೆ ಸೇರಿದ್ದರಲ್ಲಿ ಅರ್ಧ ಖರ್ಚಾಗಲಿಕ್ಕೆ ಒಂದು ವಾರ ಬೇಕು! ನರಗುಂದ, ರೋಣದ ಎರಿ ಭೂಮಿ ಮಳೆಗಾಲದ ಹಸಿಯನ್ನು ಒಡಲಲ್ಲಿ ಹಿಡಿದಿಟ್ಟು, ಆಮೇಲೆ ತಿಂಗಳುಗಟ್ಟಲೆ ಬಿಳಿಜೋಳಕ್ಕೆ, ಕಡಲೆಗೆ ಉಣಿಸುತ್ತದಲ್ಲ, ನಮ್ಮ ರಕ್ತವೂ ಟಿ4 ಅನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ಸಾವಿರ ಕಣ ಇದ್ದರೆ ಬಿಡಿಯಾಗಿ ಓಡಾಡುವುದು ಎರಡು-ಮೂರು ಮಾತ್ರ. ಉಳಿದದ್ದೆಲ್ಲ ಪ್ರೋಟೀನಿಗೆ ಅಂಟಿಕೊಂಡ ದಾಸ್ತಾನು!

ಅದಕ್ಕೇ ಡೋಸ್ ಬದಲಿಸಿದ ಮೇಲೆ ‘ಆರು ವಾರ ಬಿಟ್ಟು ರಕ್ತ ತಪಾಸಣೆ ಮಾಡಿಸಿ’ ಅನ್ನುವುದು. ಹತ್ತು ದಿನಕ್ಕೇ ಪರೀಕ್ಷೆ ಮಾಡಿಸಿದರೆ ಹಳೆಯ ಡೋಸ್, ಹೊಸ ಡೋಸ್ ಎರಡೂ ಬೆರೆತ ಲೆಕ್ಕ ಸಿಗುತ್ತದೆ. ದುಡ್ಡೂ ದಂಡ, ತಲೆನೋವೂ ಹೊಸದು.

ಒಂದು ದಿನ ಗುಳಿಗೆ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ ಅನ್ನುವುದೂ ಇದಕ್ಕೇ! ನೆನಪಾದಾಗ ತಗೊಳ್ಳಿ ಅನ್ನುತ್ತಾರೆ ವೈದ್ಯರು. ಹೃದಯದ ತೊಂದರೆ ಇದ್ದವರು ಮಾತ್ರ ಕೇಳಿಯೇ ಮುಂದುವರಿಯಬೇಕು. ಕೆಲವರಿಗೆ ವಾರದಲ್ಲಿ ಐದು ದಿನ ಒಂದು ಡೋಸ್, ಎರಡು ದಿನ ಇನ್ನೊಂದು ಅಂತ ಬರೆದುಕೊಡುತ್ತಾರಲ್ಲ, ಅದು ತಪ್ಪಿ ಬರೆದದ್ದಲ್ಲ. ದೇಹ ನೋಡುವುದು ವಾರದ ಒಟ್ಟು ಮೊತ್ತ!

ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರಿದರೆ ‘ಥೈರಾಯ್ಡ್ ಜಾಸ್ತಿ ಆಗೇತಿ’ ಅನ್ನುವವರು ಎಷ್ಟು ಮಂದಿ! ನಿಜ ತಿರುಗುಮುರುಗು. ಟಿಎಸ್‌ಎಚ್ ಬರುವುದು ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಿಂದ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ಅದು ಹೆಚ್ಚು ಕೂಗುತ್ತದೆ. ಟಿಎಸ್‌ಎಚ್ ಮೇಲೆ ಹೋಯಿತು ಅಂದರೆ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥ! ತಮಾಷೆ ನೋಡಿ, ಗ್ರಂಥಿ ತೆಗೆದು ವರ್ಷಗಳಾದರೂ ಪಿಟ್ಯೂಟರಿ ಅದನ್ನೇ ಕೂಗುತ್ತಿರುತ್ತದೆ.

ಸಾಮಾನ್ಯರಿಗೆ ಟಿಎಸ್‌ಎಚ್ 0.4ರಿಂದ 4ರ ಸುತ್ತ ಇದ್ದರೆ ಸರಿ. ಆದರೆ ಕ್ಯಾನ್ಸರಿಗಾಗಿ ಗ್ರಂಥಿ ತೆಗೆಸಿಕೊಂಡ ಕೆಲವರಿಗೆ ವೈದ್ಯರು ಬೇಕೆಂದೇ ಅದನ್ನು 0.1ಕ್ಕಿಂತ ಕೆಳಗೆ ಇಡುತ್ತಾರೆ! ಉಳಿದ ಕ್ಯಾನ್ಸರ್ ಜೀವಕೋಶ ಬೆಳೆಯಲು ಟಿಎಸ್‌ಎಚ್ ಕುಮ್ಮಕ್ಕು ಕೊಡುತ್ತದೆ, ಅದಕ್ಕೆ. ಒಬ್ಬರಿಗೆ ಒಳ್ಳೆಯ ರಿಪೋರ್ಟು ಇನ್ನೊಬ್ಬರಿಗೆ ಕೆಟ್ಟ ರಿಪೋರ್ಟು! ಪಕ್ಕದ ಮನೆಯವರ ಡೋಸ್ ನೋಡಿ ನಿಮ್ಮದನ್ನು ಬದಲಿಸಲೇಬೇಡಿ.

‘ರಿಪೋರ್ಟ್ ನಾರ್ಮಲ್ ಬಂದೈತಿ, ಆದ್ರೂ ಸುಸ್ತು ಹೋಗವಲ್ದು.’ ಇದು ಸೋಮಾರಿತನವಲ್ಲ, ನೆಪವೂ ಅಲ್ಲ! ಟಿಎಸ್‌ಎಚ್ ಸರಿಯಾದ ಮೇಲೂ ಕೆಲವರಿಗೆ ದಣಿವು ಉಳಿಯುತ್ತದೆ ಅನ್ನುವುದನ್ನು ವೈದ್ಯಲೋಕವೇ ಒಪ್ಪಿದೆ. ಮನೆಯವರು ಇದನ್ನು ಮೊದಲು ನಂಬಬೇಕು.

ಹಾರ್ಮೋನ್ ಕೊರತೆ ಮೊದಲು ಹಿಡಿಯುವ ಸ್ನಾಯುಗಳು ಯಾವುವು ಗೊತ್ತೇ? ತೊಡೆ ಮತ್ತು ಭುಜದವು! ಗಜೇಂದ್ರಗಡದಲ್ಲಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವರು ಕುಣಿಯಿಂದ ಮೇಲೇಳುವಾಗ ಕೈಯೂರಬೇಕಾಯಿತು ಅಂದರೆ, ಸೂಡು ತಲೆಗೆ ಎತ್ತುವಾಗ ತೋಳು ಸೋತಿತು ಅಂದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ವೈದ್ಯರಿಗೆ ಹೀಗೇ ಬಿಡಿಸಿ ಹೇಳಿ. ‘ಸುಸ್ತು’ ಅನ್ನುವುದಕ್ಕಿಂತ ‘ಕುಣಿಯಿಂದ ಏಳಲಾಗುತ್ತಿಲ್ಲ’ ಅನ್ನುವುದು ಅವರಿಗೆ ಹೆಚ್ಚು ತಿಳಿಸುತ್ತದೆ!

ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪಾದ ಜಿಗಿಯುತ್ತದಲ್ಲ? ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದವರ ಪಾದ ಜಿಗಿದು, ಮರಳಿ ನಿಧಾನಕ್ಕೆ ಇಳಿಯುತ್ತದೆ. ರಕ್ತಪರೀಕ್ಷೆ ಇಲ್ಲದ ಕಾಲದಲ್ಲಿ ವೈದ್ಯರು ರೋಗವನ್ನು ಕಾಲಿನಲ್ಲೇ ಓದುತ್ತಿದ್ದರು!

ಡೋಸ್ ಹೆಚ್ಚಾದರೂ ಸುಸ್ತಾಗುತ್ತದೆ! ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ, ಹಗಲು ಶಕ್ತಿ ಇಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಹೃದಯದ ತಾಳ ತಪ್ಪುತ್ತದೆ. ಸುಸ್ತು ಅಂತ ನೀವೇ ಇನ್ನೊಂದು ಗುಳಿಗೆ ಏರಿಸಿಕೊಂಡರೆ ಸುಸ್ತು ಇಮ್ಮಡಿ ಆದೀತು!

ಎಷ್ಟೋ ಸಲ ದಣಿವಿನ ಕಳ್ಳ ಬೇರೆ ಕಡೆ ಇರುತ್ತಾನೆ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು, ಬಿ12, ಡಿ ವಿಟಮಿನ್, ಕ್ಯಾಲ್ಸಿಯಂ, ಸಕ್ಕರೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೆ ಗೊತ್ತೇ ಇದೆ. ಇಲ್ಲೊಂದು ವಿಚಿತ್ರ ಗಂಟು ನೋಡಿ: ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಮುಟ್ಟಿನ ಸ್ರಾವ ಹೆಚ್ಚಿ ಕಬ್ಬಿಣ ಸೋರಿಹೋಗಬಹುದು. ಅದಕ್ಕೆ ಕಬ್ಬಿಣದ ಗುಳಿಗೆ ಕೊಡುತ್ತಾರೆ. ಅದನ್ನು ಥೈರಾಯ್ಡ್ ಗುಳಿಗೆಯ ಜೊತೆಗೇ ನುಂಗಿದರೆ ಥೈರಾಯ್ಡ್ ಇನ್ನೂ ಕಡಿಮೆ! ಗಂಟು ಬಿಚ್ಚುವುದು ಸುಲಭ: ನಸುಕಿಗೆ ಥೈರಾಯ್ಡ್ ಗುಳಿಗೆ; ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಲ್ಲಿ ಮಧ್ಯಾಹ್ನ ಊಟಕ್ಕೆ ಒಂದು, ರಾತ್ರಿಗೆ ಇನ್ನೊಂದು.

ಗುಳಿಗೆಗೂ ಬಿಸಿಲು ಬಡಿಯುತ್ತದೆ! ಬಿಸಿ, ಬೆಳಕು, ತೇವ ಮೂರಕ್ಕೂ ಇದು ಸೋಲುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೊಳಗೆ, ಒಲೆಯ ಪಕ್ಕದ ಗೂಡಿನಲ್ಲಿ ಸೀಸೆ ಇಡಬೇಡಿ. ಕಂಪನಿ ಬದಲಿಸಿದರೆ ಆರೇಳು ವಾರ ಬಿಟ್ಟು ಒಮ್ಮೆ ಟಿಎಸ್‌ಎಚ್ ನೋಡಿಸಿ.

ಗಾಯಕ ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ರೋಣದಲ್ಲಿ! ಅಂಥ ದನಿ ಹುಟ್ಟಿದ ಊರಿನವರಿಗೆ ಈ ಸಂಗತಿ ಹೇಳಲೇಬೇಕು. ದನಿಯ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಸಾಗುತ್ತದೆ. ಅದರ ದಾರಿಯಂತೂ ಅಚ್ಚರಿ: ಎಡಗಡೆಯ ನರ ಮಿದುಳಿನಿಂದ ಹೊರಟು, ಗಂಟಲು ದಾಟಿ ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳವನ್ನು ಸುತ್ತಿ ಮತ್ತೆ ಗಂಟಲಿಗೆ ಏರುತ್ತದೆ! ಜಿರಾಫೆಯಲ್ಲಿ ಇದು ನಾಲ್ಕು ಮೀಟರಿಗೂ ಉದ್ದ. ಎರಡನೇ ಶತಮಾನದಲ್ಲಿ ರೋಮ್‌ನ ವೈದ್ಯ ಗ್ಯಾಲೆನ್ ಕಿರುಚುತ್ತಿದ್ದ ಹಂದಿಯ ಈ ನರ ಕತ್ತರಿಸಿದಾಗ ಹಂದಿ ಒದ್ದಾಡುತ್ತಲೇ ಇತ್ತು, ದನಿ ಮಾತ್ರ ನಿಂತಿತ್ತು! ಇಂದು ಶಸ್ತ್ರವೈದ್ಯರು ಈ ನರವನ್ನು ಹುಡುಕಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ದನಿ ಒಡೆದರೂ ಹೆಚ್ಚಿನವರಿಗೆ ಮರಳಿ ಬರುತ್ತದೆ.

ಕ್ಯಾನ್ಸರ್ ಇದ್ದವರಿಗೆ ಆಮೇಲೆ ವಿಕಿರಣದ ಅಯೋಡಿನ್ ಕುಡಿಸುವುದುಂಟು. ಅದಕ್ಕೆ ಮೊದಲು ವಾರಗಟ್ಟಲೆ ಗುಳಿಗೆ ನಿಲ್ಲಿಸಬೇಕಾಗುತ್ತದೆ, ಆಗಿನ ಸುಸ್ತು ಹೇಳತೀರದು. ನಿಲ್ಲಿಸದೆ ಸಾಗಿಸುವ ಸೂಜಿಮದ್ದೂ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ತಯಾರಿಸುವುದು ಯಾವುದರಿಂದ? ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಿಂದ! ಇನ್ನು ವಿಕಿರಣದ ಅಯೋಡಿನ್ ಕುಡಿದವರು ವಾರಗಳ ನಂತರ ವಿಮಾನ ನಿಲ್ದಾಣಕ್ಕೆ ಹೋದಾಗ ಅಲ್ಲಿನ ವಿಕಿರಣ ಪತ್ತೆಯಂತ್ರ ಕೂಗಿದ್ದೂ ಇದೆ!

ಗ್ರಂಥಿ ಇಲ್ಲದವರು ತಾಯಿ ಆಗಬಹುದೇ? ಖಂಡಿತ! ಹೊಟ್ಟೆಯಲ್ಲಿನ ಕೂಸಿನ ಸ್ವಂತ ಥೈರಾಯ್ಡ್ ಕೆಲಸ ಶುರು ಮಾಡುವುದು ಮೂರು ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯುವುದು ಅಮ್ಮನ ರಕ್ತದಲ್ಲಿರುವ ಹಾರ್ಮೋನಿನಿಂದ. ಅಂದರೆ ಅಮ್ಮ ನುಂಗುವ ಗುಳಿಗೆಯನ್ನು ಕೂಸೂ ಉಣ್ಣುತ್ತದೆ! ಐದನೇ ವಾರಕ್ಕೇ ಹೆಚ್ಚಿನ ಡೋಸ್ ಬೇಕಾಗಬಹುದು. ಮುಟ್ಟು ತಪ್ಪಿದ ಕೂಡಲೇ ವೈದ್ಯರಿಗೆ ತಿಳಿಸಿ, ಸೀಮಂತದವರೆಗೆ ಕಾಯಬೇಡಿ.

ಅಮೆರಿಕದ ಓಟಗಾರ್ತಿ ಗೇಲ್ ಡೆವರ್ಸ್ ಗೊತ್ತೇ? 1990ರಲ್ಲಿ ಆಕೆಗೆ ಥೈರಾಯ್ಡಿನ ಗ್ರೇವ್ಸ್ ರೋಗ ಪತ್ತೆಯಾಯಿತು. ವಿಕಿರಣ ಚಿಕಿತ್ಸೆಯಲ್ಲಿ ಗ್ರಂಥಿ ಹೋಯಿತು. ಪಾದಗಳು ಊದಿ, ಒಡೆದು, ನಡೆಯಲಾಗದೆ ತಂದೆತಾಯಿ ಎತ್ತಿಕೊಂಡು ಓಡಾಡಬೇಕಾಯಿತು. ಪಾದಗಳನ್ನೇ ಕತ್ತರಿಸುವ ಮಾತು ಬಂದಿತ್ತು! ಚಿಕಿತ್ಸೆ ಸರಿಹೊಂದಿತು, ಗುಳಿಗೆಯ ಹದ ಸಿಕ್ಕಿತು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನ 100 ಮೀಟರ್ ಓಟ. ಮೊದಲ ಐವರ ನಡುವಿನ ಅಂತರ ಬರೀ 0.06 ಸೆಕೆಂಡು. 10.82 ಸೆಕೆಂಡಿನಲ್ಲಿ ಚಿನ್ನ ಗೆದ್ದದ್ದು ಡೆವರ್ಸ್! ನಾಲ್ಕು ವರ್ಷ ಬಿಟ್ಟು ಅಟ್ಲಾಂಟಾದಲ್ಲಿ ಅದೇ ಓಟ, ಮತ್ತೆ ಅದೇ ಚಿನ್ನ!